ನಾಳೆಯಪ್ಪನ ಮನೆಯ ಉಪ್ಪು

ಮಹಡಿಯ ಮನೆ ಖಾಲಿಯಾಗುತ್ತಿದೆ ಎಂಬ ಸುದ್ದಿ ತಂದವಳು ಮಗಳು. ಕಾಲೇಜಿನಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, "ಅಮ್ಮಾ, ಮೇಲಿನವರು ಗಂಟುಮೂಟೆ ಕಟ್ತಿದಾರೆ! ಎರಡು ರೂಮು, ಅಡುಗೆಮನೆಗೆ ಕಿಟಕಿ, ಬಚ್ಚಲು ಮನೆಯೊಳಗೇ!" ಎಂದು ಒಂದೇ ಉಸಿರಿಗೆ ಕೂಗಿದಳು.

ಒಲೆಯ ಮುಂದಿದ್ದ ಬ್ಯಾಗಮ್ಮನ ಕೈಯ ಸೌಟು ಪಾತ್ರೆಯಲ್ಲೇ ನಿಂತಿತು. ಶಾಲೆ ಮಕ್ಕಳ ಬ್ಯಾಗು ಹೊಲಿಯುವ ಸಣ್ಣ ಕಾರ್ಖಾನೆಯಲ್ಲಿ ವರ್ಷಾನುಗಟ್ಟಲೆ ಮಿಷಿನ್ ತುಳಿದದ್ದಕ್ಕೆ ಬೀದಿಯವರು ಇಟ್ಟ ಹೆಸರು ಅದು. ಈಗ ಅವಳ ನಿಜವಾದ ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ.

ಕೆಳಗಿನ ಈ ಮನೆಗಿದ್ದದ್ದು ಒಂದೇ ಕೋಣೆ. ಅದರಲ್ಲೇ ಅಡುಗೆ, ಅದರಲ್ಲೇ ಓದು, ಅದರಲ್ಲೇ ಜಗಳ. ನೀರಿನ ಟ್ಯಾಂಕರ್ ಓಡಿಸುವ ಗಂಡ ನಸುಕಿಗೇ ಎದ್ದು, ತಾಯಿಯ ಕಾಲು ದಾಟಿ, ಮಗಳ ಪುಸ್ತಕ ತುಳಿಯದೆ, ಕತ್ತಲಲ್ಲೇ ಬಟ್ಟೆ ಹುಡುಕಿಕೊಳ್ಳಬೇಕು. ಒಂದು ದಿನ ಟವೆಲ್ಲೆಂದು ತಾಯಿಯ ಲಂಗವನ್ನೇ ಹೆಗಲಿಗೆ ಹಾಕಿಕೊಂಡು ಹೊರಟುಹೋಗಿದ್ದ. ಆ ಕಥೆ ಟ್ಯಾಂಕರ್ ಸ್ಟ್ಯಾಂಡಿನಲ್ಲಿ ಇನ್ನೂ ಹಳತಾಗಿರಲಿಲ್ಲ.

"ಬಾಗಿಲಿರೋ ರೂಮು ಅಮ್ಮಾ," ಮಗಳು ಬೇಡುವ ದನಿಯಲ್ಲಿ ಹೇಳಿದಳು. "ಹಾಕ್ಕೊಂಡ್ರೆ ಮುಚ್ಚತ್ತೆ. ಅಜ್ಜಿ ಗೊರಕೆ ಆಚೆ, ನನ್ನ ಪರೀಕ್ಷೆ ಈಚೆ."

"ನನ್ನ ಗೊರಕೆಗೇನಾಯ್ತೇ?" ಮೂಲೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅತ್ತೆ ಕತ್ತೆತ್ತಿದರು. "ನಿಮ್ಮಪ್ಪ ಅದನ್ನ ಕೇಳ್ಕೊಂಡೇ ಬೆಳೆದಿದ್ದು."

ಮನೆಯ ಓನರ್ ಹೆಂಗಸು ನೇರ ಮಾತಿನವಳು. "ನಿಮಗೇ ಕೊಡೋಣ ಅಂತ ನನಗೂ ಆಸೆ. ತಿಂಗಳ ಕೊನೆಯೊಳಗೆ ಅಡ್ವಾನ್ಸ್ ತಂದಿಡಿ. ಇಲ್ಲಾಂದ್ರೆ ಬೇರೆಯವರು ಬಾಗಿಲಲ್ಲಿ ನಿಂತಿದಾರೆ" ಎಂದಳು.

ಬ್ಯಾಗಮ್ಮನಿಗೆ ನಾಲ್ಕು ತಿಂಗಳ ಕೂಲಿ ಬರಬೇಕಿತ್ತು. ಮೂರು ತಿಂಗಳದ್ದು ಬಂದರೂ ಅಡ್ವಾನ್ಸ್ ತೀರುತ್ತಿತ್ತು. ಆದರೆ ಕೊಡಬೇಕಾದವನು ನಾಳೆಯಪ್ಪ.

ಕಾರ್ಖಾನೆಯ ಯಜಮಾನನಿಗೆ ಹೊಲಿಗೆಯವರೆಲ್ಲ ಸೇರಿ ಇಟ್ಟ ಹೆಸರು ನಾಳೆಯಪ್ಪ. ಯಾವತ್ತು ಕೇಳಿದರೂ ಅವನ ಬಾಯಿಂದ ಬರುವುದು ಅದೊಂದೇ ಮಾತು. ಮನುಷ್ಯನಲ್ಲಿ ಕೆಟ್ಟತನವಿರಲಿಲ್ಲ, ದುಡ್ಡೂ ಇರಲಿಲ್ಲ. ಈಗ ರೆಕ್ಸಿನ್ ತರಲು ಗತಿಯಿಲ್ಲದೆ ಮೂರು ವಾರದಿಂದ ಕಾರ್ಖಾನೆಗೆ ಬೀಗ ಹಾಕಿ, ಅದರ ಹಿಂದಿನ ಮನೆಯಲ್ಲಿ ತನ್ನ ತಾಯಿಯೊಂದಿಗೆ ಕದ ಮುಚ್ಚಿಕೊಂಡು ಕೂತಿದ್ದ. ಬ್ಯಾಗಮ್ಮ ಮರುದಿನವೇ ಹೋಗಿ ಕದ ಬಡಿದಳು.

"ಯಜಮಾನ್ರೇ, ಈ ಸಲ ನನಗೆ ತಿಂಗಳ ಕೊನೆಯೊಳಗೆ ಬೇಕೇ ಬೇಕು. ಮನೆ ಕೈತಪ್ಪಿ ಹೋಗತ್ತೆ."

ಅವನು ಬಾಗಿಲ ಚೌಕಟ್ಟು ನೋಡುತ್ತಾ, "ನಾಳೆ..." ಎಂದ.

"ಯಾವ ನಾಳೆ? ಅದಕ್ಕೊಂದು ತಾರೀಖು ಇದೆಯೋ ಇಲ್ವೋ?"

ಅವನು ಮೆಲ್ಲಗೆ ಕದ ಮುಚ್ಚಿಕೊಂಡ.

ಆ ರಾತ್ರಿ ಊಟಕ್ಕೆ ಕೂತಾಗ ಮನೆಯೇ ಒಂದು ಸಭೆಯಾಯಿತು. ಅನ್ನ, ಬೇಳೆ, ಒಂದೊಂದು ಮೊಟ್ಟೆ. ಗಂಡ ಎಂದಿನಂತೆ, "ಹೋಗ್ಲಿ ಬಿಡು, ಅವನ ಕಷ್ಟ ಅವನಿಗೆ" ಎಂದ. "ಹೋಗ್ಲಿ ಬಿಡು" ಎನ್ನುವುದು ಅವನ ಬಾಯಲ್ಲಿ ಊಟದ ನಂತರದ ತೇಗಿನಷ್ಟೇ ಸಲೀಸು.

"ಏನು ಹೋಗ್ಲಿ ಬಿಡೋದು ರೀ? ನನ್ನ ನಾಲ್ಕು ತಿಂಗಳ ಬೆನ್ನುನೋವಾ?"

"ಕಾರ್ಮಿಕ ಕಚೇರಿಲಿ ಅರ್ಜಿ ಕೊಡೋಣ," ಎಂದಳು ಮಗಳು.

"ಕೊಟ್ಟು ಬಂದಾಯ್ತು ಕಣೇ, ಉಳಿದ ಮೂರು ಜನ ಹೊಲಿಗೆಯವರ ಜೊತೆ. ಅವರೇನೋ ಚೆನ್ನಾಗೇ ಮಾತಾಡಿಸಿದ್ರು. ವಿಚಾರಣೆ ಮಾತ್ರ ಮುಂದಿನ ತಿಂಗಳು. ಅಷ್ಟರಲ್ಲಿ ಮೇಲಿನ ಮನೇಲಿ ಬೇರೆ ಯಾರೋ ಹಾಲು ಉಕ್ಕಿಸಿರ್ತಾರೆ."

ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಗಂಟಲು ಸರಿಮಾಡಿಕೊಂಡರು. "ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ನಿಮಗೆ ಯಾರಿಗೂ ವಸೂಲಿ ಅಂದ್ರೇನು ಅಂತ ಗೊತ್ತಿಲ್ಲ. ನಾನು ಹಾಲು ಹಾಕ್ತಿದ್ದ ಕಾಲದಲ್ಲಿ ಒಬ್ಬರೂ ಒಂದು ಲೋಟದ ಬಾಕಿ ಉಳಿಸ್ಕೊಂಡಿರಲಿಲ್ಲ. ಬೈಯಬಾರದು, ಬೇಡಬಾರದು. ಅವರ ಬಾಗಿಲಲ್ಲಿ ಹೋಗಿ ಕೂತುಬಿಡಬೇಕು, ಅಷ್ಟೇ. ಹೋಗಿಬರೋರು ನೋಡ್ತಾರಲ್ಲ, ಮುಜುಗರಕ್ಕೇ ತಂದು ಕೈಗಿಡ್ತಾರೆ. ನಾಳೆ ನಾನೇ ಹೋಗ್ತೀನಿ."

ಮರುದಿನ ಬೆಳಿಗ್ಗೆ ಅತ್ತೆ ಇಸ್ತ್ರಿ ಮಾಡಿದ ಸೀರೆಯುಟ್ಟು, ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಬಚ್ಚಲಿನ ಪ್ಲಾಸ್ಟಿಕ್ ಸ್ಟೂಲು ಹಿಡಿದು ಯುದ್ಧಕ್ಕೆ ಹೊರಟರು. ಅತ್ತೆಯ ನಾಲಿಗೆಯನ್ನು ಮದುವೆಯಾದಾಗಿನಿಂದ ಬ್ಯಾಗಮ್ಮನೇ ತಡೆದುಕೊಂಡಿದ್ದಳು. ಇವತ್ತಾದರೂ ಅದು ಇನ್ನೊಬ್ಬರ ಮೇಲೆ ತಿರುಗಿತಲ್ಲ ಎಂದು ಒಳಗೊಳಗೇ ಖುಷಿಯಾಯಿತು.

ಮಧ್ಯಾಹ್ನ ಅತ್ತೆ ಮರಳಿದರು. ಮುಖ ಸಪ್ಪಗಿತ್ತು. ಸ್ಟೂಲನ್ನು ಮೂಲೆಗಿಟ್ಟು ಸಣ್ಣಗೆ ತೇಗಿದರು.

"ಏನಾಯ್ತು ಅತ್ತೆ? ಕೊಟ್ನಾ?"

"ಊಟ ಕೊಟ್ರು."

"ಏನು?"

"ಬಿಸಿಲಲ್ಲಿ ಕೂತಿದ್ದೆ. ಅವನ ತಾಯಿ ಬಂದು, ನಿಮ್ಮ ವಯಸ್ಸೇನು, ನಮ್ಮ ಬಾಗಿಲಲ್ಲಿ ಹೀಗೆ ಕೂರೋದೇನು ಅಂತ ಕೈ ಹಿಡಿದು ಒಳಗೆ ಕರ್ಕೊಂಡು ಹೋದ್ಲು. ತಟ್ಟೆ ಹಾಕಿಬಿಟ್ಲು. ಹಸಿವಾಗಿತ್ತು ಕಣೇ, ಉಂಡುಬಿಟ್ಟೆ." ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ಇನ್ನು ನಾನು ಹೇಗೆ ಕೇಳಲಿ? ಉಂಡ ಮನೆಗೆ ಎರಡು ಬಗೆಯೋಕಾಗುತ್ತಾ? ಅವರ ಉಪ್ಪು ಹೊಟ್ಟೆಯೊಳಗಿದೆ."

ಬ್ಯಾಗಮ್ಮ ಹಣೆ ಬಡಿದುಕೊಂಡಳು. ಮಗಳು ಬಿದ್ದು ಬಿದ್ದು ನಕ್ಕಳು. "ಅಜ್ಜೀ, ನಾಲ್ಕು ತಿಂಗಳ ಸಂಬಳ ಒಂದು ತುತ್ತಿಗೆ ಹೋಯ್ತಲ್ಲ!"

"ನಗಬೇಡ್ವೇ," ಎಂದರು ಅತ್ತೆ. "ಬರೀ ಗಂಜಿ ಅದು. ಅದರಲ್ಲೂ ಅವಳು ತನಗೆ ಹಾಕ್ಕೊಳ್ಳಲೇ ಇಲ್ಲ."

ಆ ಮಾತನ್ನು ಬ್ಯಾಗಮ್ಮ ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳಿಗೆ ಬೇಕಾದದ್ದು ದುಡ್ಡು. ಪಕ್ಕದ ಮನೆಯವರ ಹರಿದ ಪರದೆ, ಅಂಗಡಿಯವನ ಚೀಲ, ಸಿಕ್ಕಿದ್ದನ್ನೆಲ್ಲ ಹೊಲಿದುಕೊಡುತ್ತಾ, ದಿನ ಬಿಟ್ಟು ದಿನ ನಾಳೆಯಪ್ಪನ ಬಾಗಿಲಿಗೆ ಹೋಗಿಬಂದಳು. ಹೋದ ಪುಟ್ಟ, ಬಂದ ಪುಟ್ಟ ಎಂಬಂತಾಯಿತು. ಇತ್ತ ಅತ್ತೆಯೂ ದಿನಾ ಮಧ್ಯಾಹ್ನ ಛತ್ರಿ ಹಿಡಿದು ಎಲ್ಲಿಗೋ ಹೋಗುತ್ತಿದ್ದರು. "ಕಾಲಾಡಿಸಿಕೊಂಡು ಬರ್ತೀನಿ" ಎನ್ನುವುದು ಅವರ ನೆಪ.

ಎರಡನೇ ವಾರದಲ್ಲಿ ಬ್ಯಾಗಮ್ಮನಿಗೆ ಅನುಮಾನ ಬಂತು. ಬುಟ್ಟಿಯಲ್ಲಿ ಆಲೂಗಡ್ಡೆ ಕರಗುತ್ತಿತ್ತು. ಬೇಳೆಯ ಡಬ್ಬ ವಾರಕ್ಕೇ ತಳ ತೋರಿಸಿತು. ಮೊಟ್ಟೆ ಬೇಯಿಸಿಟ್ಟರೆ ಒಂದು ಕಾಣೆ. ಮಗಳನ್ನು ಗದರಿದಳು, ಗಂಡನನ್ನು ಗದರಿದಳು. ಕೊನೆಗೊಂದು ಮಧ್ಯಾಹ್ನ ನೀರು ತರಲು ಹೋದವಳು ಬೇಗ ಬಂದು ನೋಡಿದರೆ, ಅತ್ತೆ ಕ್ಯಾರಿಯರಿಗೆ ಅನ್ನ ಒತ್ತುತ್ತಿದ್ದಾರೆ.

"ಯಾರಿಗತ್ತೆ ಇದು?"

ಅತ್ತೆ ಬೆನ್ನು ತಿರುಗಿಸಿಯೇ ಉತ್ತರಿಸಿದರು. "ಆಕೆಗೆ. ನಾಳೆಯಪ್ಪನ ತಾಯಿಗೆ."

ಬ್ಯಾಗಮ್ಮನ ಕೈಯಿಂದ ಬಿಂದಿಗೆ ಧಪ್ಪೆಂದು ಕೆಳಗಿಳಿಯಿತು. "ಅಯ್ಯೋ ದೇವರೇ! ವಸೂಲಿಗೆ ಅಂತ ಹೋದವರು ಸಾಲಗಾರರ ಮನೆಗೆ ಊಟ ಹೊರ್ತಿದೀರಾ? ನನ್ನ ಕೂಲಿ ಇಟ್ಕೊಂಡವನಿಗೆ ನನ್ನದೇ ಅನ್ನ? ಊರಲ್ಲಿ ಯಾರಾದ್ರೂ ಕೇಳಿದ್ರೆ ಉಗೀತಾರೆ!"

"ಉಗೀಲಿ. ಒಂದು ದಿನ ತಿಂದಿದೀನಿ, ತೀರಿಸ್ಬೇಡ್ವಾ?"

"ಒಂದು ತಟ್ಟೆ ಗಂಜಿಗೆ ಎಷ್ಟು ದಿನ ತೀರಿಸ್ತೀರಿ? ಬಡ್ಡಿ ಸಮೇತನಾ?"

"ನನ್ನ ಬಾಯಿಗೆ ಹಾಕಿದವಳು ತಾನು ಉಪವಾಸ ಇದ್ಲು ಕಣೇ!" ಅತ್ತೆ ಈಗ ತಿರುಗಿದರು, ಕಣ್ಣು ಕೆಂಪಾಗಿತ್ತು. "ನೀನೇ ಬಾ. ಬಂದು ನೋಡು. ಆಮೇಲೆ ಬೇಕಾದ್ರೆ ಕ್ಯಾರಿಯರ್ ಕಿತ್ಕೋ."

"ಬರ್ತೀನಿ. ಕಿತ್ಕೊಳ್ಳೋಕೇ ಬರ್ತೀನಿ," ಎಂದು ಬ್ಯಾಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಇಷ್ಟು ವರ್ಷ ಅದೇ ಗೋಡೆಯ ಈಚೆ ಮಿಷಿನ್ ತುಳಿದಿದ್ದರೂ ನಾಳೆಯಪ್ಪನ ಅಡುಗೆಮನೆಯನ್ನು ಅವಳು ನೋಡಿರಲಿಲ್ಲ. ಒಲೆ ತಣ್ಣಗಿತ್ತು. ಡಬ್ಬಗಳನ್ನೆಲ್ಲ ತೊಳೆದು ಬೋರಲು ಹಾಕಿತ್ತು. ಉಪ್ಪಿನ ಜಾಡಿಯೊಂದು ಮಾತ್ರ ತುಂಬಿತ್ತು. ನಾಳೆಯಪ್ಪನ ತಾಯಿ, ಅತ್ತೆಯದೇ ವಯಸ್ಸಿನ ಹೆಂಗಸು, ಬ್ಯಾಗಮ್ಮನನ್ನು ಕಂಡು ನಾಚಿಕೆಯಿಂದ ಎದ್ದು ನಿಂತಳು. ಒಳಗಿನ ಕೋಣೆಯಿಂದ ನಾಳೆಯಪ್ಪ ಹೊರಗೆ ಬರಲೇ ಇಲ್ಲ. ಕೆಮ್ಮಿದ್ದು ಮಾತ್ರ ಕೇಳಿಸಿತು. ಬ್ಯಾಗಮ್ಮ ಕ್ಯಾರಿಯರ್ ಕಿತ್ತುಕೊಳ್ಳುವುದನ್ನೇ ಮರೆತಳು. ತುಂಬ ಸಿಟ್ಟು ಬಂತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

"ಇಷ್ಟೊಂದು ಬ್ಯಾಗು ಹೊಲಿದ್ವಲ್ಲಮ್ಮ, ಅದೆಲ್ಲ ಎಲ್ಲಿ ಹೋಯ್ತು?" ಎಂದು ಕೇಳಿದಳು.

"ಶೋರೂಮಿನವನು ತಗೊಂಡು ಹೋದ. ದುಡ್ಡು ಕೊಟ್ಟಿಲ್ಲ. ಮಾಲು ಪೂರ್ತಿ ಮಾರಾಟ ಆದ್ಮೇಲೆ ಒಟ್ಟಿಗೆ ಲೆಕ್ಕ ಅಂತಾನೆ. ನನ್ನ ಮಗ ಹೋಗ್ತಾನೆ, ಎ.ಸಿ. ಗಾಳೀಲಿ ಕೂರಿಸಿ ಜ್ಯೂಸ್ ಕುಡಿಸಿ ಕಳಿಸ್ತಾನೆ. ಜ್ಯೂಸ್ ಕುಡಿದ ಬಾಯಲ್ಲಿ ಇವನಿಗೆ ಕೇಳೋಕಾಗಲ್ಲ."

ಅತ್ತೆ ಸೊಸೆಯ ಮುಖ ನೋಡಿದರು. ಸೊಸೆ ಅತ್ತೆಯ ಮುಖ ನೋಡಿದಳು. ಈ ಇಬ್ಬರೂ ಒಂದೇ ಹೊತ್ತಿಗೆ ಒಂದೇ ವಿಚಾರ ಮಾಡಿದ್ದು ಬಹುಶಃ ಅದೇ ಮೊದಲು.

"ಅಮ್ಮಾ," ಎಂದಳು ಬ್ಯಾಗಮ್ಮ ನಾಳೆಯಪ್ಪನ ತಾಯಿಗೆ, "ಇಷ್ಟು ದಿನ ನಮ್ಮನೆ ಅನ್ನ ತಿಂದಿದೀರಲ್ಲ, ಅಂದ್ರೆ ಈಗ ನೀವು ನಮ್ಮ ಕಡೆ ತಾನೆ?"

ಆ ಮುದುಕಿ ಸೊಂಟ ನೆಟ್ಟಗೆ ಮಾಡಿಕೊಂಡಳು. "ಹೇಳು ತಾಯಿ, ಎಲ್ಲಿಗೆ ಬರಬೇಕು?"

ತಿಂಗಳ ಕೊನೆಯ ಶನಿವಾರ. ಶಾಲೆ ಶುರುವಾಗುವ ವಾರ, ಅಂಗಡಿಬೀದಿ ಕಿಕ್ಕಿರಿದಿತ್ತು. ಅಂದು ಗಂಡ ಬೆಳಗಿನ ಟ್ರಿಪ್ಪು ಮುಗಿಸಿ ಟ್ಯಾಂಕರನ್ನು ನೇರ ಮನೆ ಮುಂದೆಯೇ ತಂದ. "ಬಸ್ಸಲ್ಲಿ ಯಾಕೆ ಹೋಗ್ತೀರಿ, ಹತ್ತಿ" ಎಂದ. "ಹೋಗ್ಲಿ ಬಿಡು" ಎನ್ನಲಿಲ್ಲ. ಇಬ್ಬರು ಮುದುಕಿಯರನ್ನು ಕ್ಯಾಬಿನ್ನಿಗೆ ಹತ್ತಿಸುವುದರೊಳಗೆ ಬೀದಿಯೆಲ್ಲ ನೋಡಲು ನೆರೆಯಿತು. ಮಗಳು ಕೆಳಗಿನಿಂದ ತಳ್ಳಿದಳು, ಗಂಡ ಮೇಲಿನಿಂದ ಎಳೆದ, ಅತ್ತೆ ನಡುವೆ ನಿಂತು ಇಬ್ಬರನ್ನೂ ಬೈದರು. ನಾಳೆಯಪ್ಪನನ್ನು ಅವನ ತಾಯಿ ರಟ್ಟೆ ಹಿಡಿದು ತಂದಿದ್ದಳು. ಅವನು ಟ್ಯಾಂಕಿನ ಹಿಂದೆ ಏಣಿ ಹಿಡಿದು ನಿಂತ.

ಶೋರೂಮಿನಲ್ಲಿ ತಂಪು ಗಾಳಿ, ಕನ್ನಡಿ, ಸೂಟ್‌ಕೇಸುಗಳ ಸಾಲು. ಮಾಲೀಕ ನಗುಮುಖದವನು. ನಾಳೆಯಪ್ಪನನ್ನು ಕಂಡೊಡನೆ, "ಬನ್ನಿ ಬನ್ನಿ, ಕೂತ್ಕೊಳ್ಳಿ. ಏ, ಎಲ್ಲರಿಗೂ ಜ್ಯೂಸ್ ತನ್ನಿ!" ಎಂದ.

"ಬೇಡಪ್ಪ," ಎಂದರು ಅತ್ತೆ. "ಒಂದು ಸಲ ತಿಂದು ಕೆಟ್ಟಿದೀನಿ. ನಿಮ್ಮನೆ ನೀರೂ ಬೇಡ."

ಗಿರಾಕಿಗಳು ಕೂರುವ ಮೆತ್ತನೆಯ ಬೆಂಚಿನ ಮೇಲೆ ಇಬ್ಬರು ಮುದುಕಿಯರೂ ಕಾಲು ಮಡಚಿ ಕೂತರು. ಕ್ಯಾರಿಯರ್ ಬಿಚ್ಚಿದರು. ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ತಂಪು ಗಾಳಿಯ ಜೊತೆ ಅಂಗಡಿಯ ಮೂಲೆಮೂಲೆಗೂ ಹರಡಿತು.

"ಇಲ್ಲಿ ಊಟ ಮಾಡಬಾರದಮ್ಮ!"

"ಲೆಕ್ಕ ಆದ್ಮೇಲೆ ಹೋಗ್ತೀವಿ ಮಗಾ. ರಾತ್ರಿಗೂ ತಂದಿದೀವಿ," ಎಂದಳು ನಾಳೆಯಪ್ಪನ ತಾಯಿ.

ಮಾಲೀಕ ನಗುವನ್ನು ಸ್ವಲ್ಪ ಕಡಿಮೆ ಮಾಡಿ ನಾಳೆಯಪ್ಪನ ಕಡೆ ತಿರುಗಿದ. "ಏನ್ರೀ ಇದು? ಮಾತು ಮಾತೇ ಅಲ್ವಾ? ಮಾಲು ಪೂರ್ತಿ ಹೋದ್ಮೇಲೆ ಒಟ್ಟಿಗೆ ಅಂತ ಆಗಿತ್ತು. ನೋಡಿ, ಇನ್ನೂ ಇದೆ." ಅವನು ಮೇಲೆ ಕೈ ತೋರಿಸಿದ. ಸೂರಿಗೆ ಹತ್ತಿದ ಅಟ್ಟದ ಮೇಲೆ, ಪ್ಲಾಸ್ಟಿಕ್ ಹಾಳೆ ಹೊದ್ದು, ಧೂಳು ತಿನ್ನುತ್ತಾ ಬ್ಯಾಗುಗಳು ಒತ್ತಿಕೊಂಡಿದ್ದವು.

ಬ್ಯಾಗಮ್ಮ ನೋಡಿದಳು. ಅವೆಲ್ಲ ತನ್ನ ಕೈಯಲ್ಲಿ ಹೊರಳಿದವು. ಕೆಂಪು ಬಕಲ್, ಬಾತುಕೋಳಿಯ ಚಿತ್ರ. "ಅಟ್ಟದ ಮೇಲಿಟ್ರೆ ಹಲ್ಲಿ ಬಂದು ಕೊಳ್ಳುತ್ತಾ ಸಾರ್? ಪೂರ್ತಿ ಮಾರಾಟ ಆದ್ರೆ ಕೊಡ್ತೀರಿ ತಾನೆ?"

"ಆದ ದಿನವೇ ಕೊಡ್ತೀನಿ," ಎಂದ ಮಾಲೀಕ. ಅಂಗಡಿ ತುಂಬ ಜನ ಕೇಳಿಸಿಕೊಳ್ಳುತ್ತಿದ್ದರು.

"ಎಲ್ರೂ ಕೇಳಿಸ್ಕೊಂಡ್ರಲ್ಲ," ಎಂದು ಬ್ಯಾಗಮ್ಮ ಸೆರಗು ಬಿಗಿದಳು. "ಯಜಮಾನ್ರೇ, ಅಟ್ಟದ ಏಣಿ ಹತ್ತಿ!"

ನಾಳೆಯಪ್ಪ ಜೀವಮಾನದಲ್ಲಿ ಮೊದಲ ಬಾರಿಗೆ ಹೇಳಿದ ಕೂಡಲೇ ಒಂದು ಕೆಲಸ ಮಾಡಿದ. ಅವನು ಮೇಲಿನಿಂದ ಬ್ಯಾಗು ಎಸೆದ, ಮಗಳು ಹಿಡಿದು ಧೂಳು ಕೊಡವಿದಳು, ಬ್ಯಾಗಮ್ಮ ಬಾಗಿಲ ಪಕ್ಕದಲ್ಲೇ ರಾಶಿ ಹಾಕಿದಳು.

"ಬನ್ನಿ ಅಮ್ಮಾ, ನೋಡಿ! ಈ ಪಟ್ಟಿ ಎಳೀರಿ, ಇನ್ನೂ ಜೋರಾಗಿ ಎಳೀರಿ! ಬಂತಾ ಕೈಗೆ? ಬರಲ್ಲ. ಹೊಲಿದವಳು ನಾನೇ. ಕೂಲಿಯೊಂದು ಬಂದಿಲ್ಲ, ಹೊಲಿಗೆ ಮಾತ್ರ ಗಟ್ಟಿ."

ಮೊದಲು ಒಬ್ಬಳು ನಕ್ಕು ಕೊಂಡಳು. ಆಮೇಲೆ ಅವಳ ಜೊತೆಯವಳು. ಒಂದು ಮಗು ಬಾತುಕೋಳಿಯ ಬ್ಯಾಗು ಹೆಗಲಿಗೇರಿಸಿಕೊಂಡು ಬಿಚ್ಚಲೊಲ್ಲೆನೆಂದು ನೆಲಕ್ಕೆ ಕೂತಿತು. ಹೊಲಿದವಳೇ ಮಾರುತ್ತಿದ್ದಾಳಂತೆ, ಇಬ್ಬರು ಅಜ್ಜಿಯರು ಅಂಗಡಿಯಲ್ಲೇ ಉಣ್ಣುತ್ತಿದ್ದಾರಂತೆ ಎಂದು ಸುದ್ದಿ ಹಬ್ಬಿ, ನೋಡಲು ಬಂದವರೂ ಒಂದೊಂದು ಹಿಡಿದುಕೊಂಡು ಹೋದರು. ದುಡ್ಡೆಲ್ಲ ನೇರ ಮಾಲೀಕನ ಗಲ್ಲಾಪೆಟ್ಟಿಗೆಗೆ. ಬ್ಯಾಗಮ್ಮ ಒಂದು ಕಾಸನ್ನೂ ಮುಟ್ಟಲಿಲ್ಲ. ಬೆವರು ಇಳಿಯುತ್ತಿತ್ತು, ಗಂಟಲು ಒಡೆದಿತ್ತು. ಆದರೂ ಮೈಯಲ್ಲಿ ಹುರುಪು ಉಕ್ಕುತ್ತಿತ್ತು. ಮಿಷಿನ್ನಿನ ಮುಂದೆ ತಲೆ ತಗ್ಗಿಸಿ ಕೂತ ಯಾವ ದಿನವೂ ಅವಳಿಗೆ ಇಂಥ ಸಂತೋಷ ಆಗಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ರಾಶಿ ಕರಗಿ ಒಂದೇ ಒಂದು ಬ್ಯಾಗು ಉಳಿಯಿತು. ಧೂಳಿಗೆ ಬಣ್ಣ ಮಾಸಿತ್ತು, ಬಾತುಕೋಳಿಗೆ ಒಂದು ಕಣ್ಣಿರಲಿಲ್ಲ. ಯಾರೂ ಮುಟ್ಟಲಿಲ್ಲ.

ಮಾಲೀಕ ಕುರ್ಚಿಗೆ ಒರಗಿ, "ಪೂರ್ತಿ ಅಂದ್ರೆ ಪೂರ್ತಿ" ಎಂದು ನಕ್ಕ.

ಅಲ್ಲಿಯವರೆಗೆ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ ಗಂಡ ಒಳಗೆ ಬಂದ. ಜೇಬಿನಿಂದ ಆ ದಿನದ ಟ್ರಿಪ್ಪಿನ ದುಡ್ಡು ತೆಗೆದು ಗಲ್ಲಾದ ಮೇಲಿಟ್ಟ. "ಇದು ನನಗಿರಲಿ. ಊಟದ ಡಬ್ಬಿ ಇಟ್ಕೊಳ್ಳೋಕೆ" ಎಂದು ಒಕ್ಕಣ್ಣಿನ ಬಾತುಕೋಳಿಯನ್ನು ಹೆಗಲಿಗೆ ಹಾಕಿಕೊಂಡ. ಅಂಗಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಬ್ಯಾಗಮ್ಮನಿಗೆ ಅಷ್ಟು ಜನರ ಮುಂದೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. "ಚಿಲ್ಲರೆ ಇಸ್ಕೊಳ್ರೀ" ಎಂದಷ್ಟೇ ಹೇಳಿದಳು.

ಅಷ್ಟು ಕಣ್ಣುಗಳ ಮುಂದೆ ಮಾಲೀಕನಿಗೆ ಮಾತು ತಿರುಗಿಸಲಾಗಲಿಲ್ಲ. ಗಲ್ಲಾದಲ್ಲಿದ್ದಷ್ಟನ್ನೂ ಎಣಿಸಿಕೊಟ್ಟ, ಉಳಿದ ಬಾಕಿಗೆ ಮುಂದಿನ ತಿಂಗಳ ಚೆಕ್ಕು ಬರೆದ. ನಾಳೆಯಪ್ಪ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತ.

"ಇದರಲ್ಲಿ ಒಂದಿಷ್ಟು ರೆಕ್ಸಿನ್‌ಗೆ ಅಂತ ತೆಗೆದಿಟ್ಟು, ಕೂಲಿ ನಾಳೆ..."

"ಇವತ್ತು," ಎಂದಳು ಅವನ ತಾಯಿ. ಕ್ಯಾರಿಯರಿನ ಮುಚ್ಚಳ ಹಾಕುತ್ತಾ, ತಲೆಯೆತ್ತದೆ ಹೇಳಿದಳು.

ನಾಲ್ಕು ಜನ ಹೊಲಿಗೆಯವರಿಗೂ ಮೂರು ಮೂರು ತಿಂಗಳದ್ದು ಸಿಕ್ಕಿತು. ನಾಳೆಯಪ್ಪನ ಕೈಯಲ್ಲಿ ಚೆಕ್ಕೊಂದು ಉಳಿಯಿತು. ಬ್ಯಾಗಮ್ಮ ಆ ಸಂಜೆಯೇ ಓನರ್ ಹೆಂಗಸಿನ ಕೈಗೆ ಅಡ್ವಾನ್ಸ್ ಇಟ್ಟಳು.

ಮನೆ ಬದಲಿಸುವ ದಿನ ಕಪಾಟು ಹೊರಲು ನಾಳೆಯಪ್ಪನೇ ಬಂದ. ಮಗಳು ತನ್ನ ಕೋಣೆಯ ಬಾಗಿಲನ್ನು ಹಾಕಿ ತೆಗೆದು ಹಾಕಿ ತೆಗೆದು ಎಲ್ಲರಿಗೂ ತಲೆನೋವು ತರಿಸಿದಳು. ಅತ್ತೆ ಆ ಬಾಗಿಲ ಹೊರಗೆ ನಿಂತು, "ಗೊರಕೆ ಇನ್ನೂ ಶುರುವಾಗಿಲ್ಲ ಕಣೇ, ತೆಗಿ!" ಎಂದು ಕೂಗಿದರು. ಕಿಟಕಿಯ ಬೆಳಕಲ್ಲಿ ಬ್ಯಾಗಮ್ಮ ಮೊದಲ ಅಡುಗೆ ಮಾಡಿ ಎಲ್ಲರಿಗೂ ತಟ್ಟೆ ಹಾಕಿದಳು. ನಾಳೆಯಪ್ಪನ ತಾಯಿ ಅತ್ತೆಯ ಪಕ್ಕ ಕೂತಾಗಿತ್ತು. ನಾಳೆಯಪ್ಪ ಮಾತ್ರ ಮೆಟ್ಟಿಲ ಮೇಲೆಯೇ ಉಳಿದ.

"ಬನ್ನಿ ಯಜಮಾನ್ರೇ, ಊಟಕ್ಕೆ."

"ಬೇಡಮ್ಮ. ಇನ್ನೂ ಒಂದು ತಿಂಗಳ ಬಾಕಿ ನನ್ನ ತಲೆ ಮೇಲಿದೆ. ಅದನ್ನಿಟ್ಕೊಂಡು ನಿಮ್ಮ ಮನೆ ಉಪ್ಪು ಹೇಗೆ ತಿನ್ನಲಿ?"

ಬ್ಯಾಗಮ್ಮ ಒಳಗೆ ಹೋಗಿ ಒಂದು ಹಿಡಿ ಬೇಳೆಯನ್ನು ಬೇರೆಯಾಗಿ ಬೇಯಿಸಿ, ಅನ್ನದ ಮೇಲೆ ಸುರಿದು ತಂದಳು. "ತಗೊಳ್ಳಿ. ಒಂದು ಹರಳು ಉಪ್ಪು ಹಾಕಿಲ್ಲ. ಋಣ ಏನೂ ಹತ್ತಲ್ಲ, ಧೈರ್ಯವಾಗಿ ತಿನ್ನಿ."

ಎಲ್ಲರೂ ಗೊಳ್ಳೆಂದು ನಕ್ಕರು. ನಾಳೆಯಪ್ಪನೂ ನಕ್ಕ. ಆಮೇಲೆ ಆ ಸಪ್ಪೆ ಅನ್ನವನ್ನು ಒಂದು ಅಗುಳೂ ಬಿಡದೆ ತಿಂದ.

ಚೆಕ್ಕು ಹಣವಾಯಿತು, ರೆಕ್ಸಿನ್ ಬಂತು, ಮಿಷಿನ್ನುಗಳು ಮತ್ತೆ ಸದ್ದು ಮಾಡಿದವು. ಕೂಲಿ ಈಗ ವಾರ ವಾರ ಬರುತ್ತಿತ್ತು. ಆ ಹಳೆಯ ಒಂದು ತಿಂಗಳದ್ದು ಮಾತ್ರ ಹಾಗೇ ಇತ್ತು. ಬ್ಯಾಗಮ್ಮ ಕೇಳಲಿಲ್ಲ, ಮರೆಯಲೂ ಇಲ್ಲ.

ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ನಾಳೆಯಪ್ಪ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ತೊಳೆದ ಅಂಗಿ ತೊಟ್ಟು ನಿಂತಿದ್ದ. ಕೈಯಲ್ಲೊಂದು ಲಕೋಟೆ. ಅದನ್ನು ಬ್ಯಾಗಮ್ಮನ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು ಒಳಗೆ ಬಂದು, ಹೇಳಿಸಿಕೊಳ್ಳದೆ ತಾನೇ ಚಾಪೆಯ ಮೇಲೆ ಕೂತ.

"ಅಮ್ಮಾ, ಇವತ್ತು ಉಪ್ಪು ಹಾಕಿ ಬಡಿಸಿ," ಎಂದ.

ಬ್ಯಾಗಮ್ಮ ಮೊದಲು ಲಕೋಟೆ ಬಿಚ್ಚಿ ಎಣಿಸಿದಳು. ಸರಿಯಾಗಿತ್ತು. ಆಮೇಲೆ ತಟ್ಟೆ ತಂದಿಟ್ಟು, ಉಪ್ಪಿನ ಜಾಡಿಯನ್ನು ಅವನ ಮುಂದಕ್ಕೆ ಸರಿಸಿದಳು.